ತಮ್ಮನ ರಕ್ತದ ವೈರಸ್ಸಿಗೆ ನಾನು ಕುದಿಸಿದ ಕಷಾಯ

ತಿಕೋಟಾದಲ್ಲಿ ಒಣದ್ರಾಕ್ಷಿ ಶೆಡ್ ಇಟ್ಟುಕೊಂಡಿದ್ದ ನನ್ನ ತಮ್ಮನಿಗೆ ಎರಡೂ ಕಿಡ್ನಿ ಕೈಕೊಟ್ಟಾಗ ಒಂದನ್ನು ಕೊಟ್ಟವಳು ನಾನು. ಅದರ ಜಂಬವೂ ನನಗಿತ್ತು, ಸುಳ್ಳೇಕೆ ಹೇಳಲಿ. ಆಪರೇಷನ್ ಆದ ಮೇಲೆ ಅವನ ಊಟ, ನೀರು, ಗುಳಿಗೆ ಎಲ್ಲದಕ್ಕೂ ನನ್ನದೇ ಯಜಮಾನಿಕೆ. ಬಬಲೇಶ್ವರದ ಗಂಡನ ಮನೆಯಿಂದ ವಾರಕ್ಕೆರಡು ಸಲ ಬಸ್ ಹತ್ತಿ ಹೋಗುತ್ತಿದ್ದೆ.

ಒಮ್ಮೆ ವಿಜಯಪುರದ ಡಾಕ್ಟರು ಅವನ ರಕ್ತವನ್ನು ಹೊರಗಿನ ದೊಡ್ಡ ಲ್ಯಾಬಿಗೆ ಕಳಿಸಿ, ಯಾವುದೋ ವೈರಸ್ ಸ್ವಲ್ಪ ಹೆಚ್ಚಿದೆ ಎಂದರು.

“ಅಂಜಬ್ಯಾಡ್ರಿ. ಇದು ನನ್ನ ಮೈಯಾಗೂ ಐತಿ, ನಿಮ್ಮ ಮೈಯಾಗೂ ಐತಿ. ಏನೂ ಮಾಡೂದಿಲ್ಲ. ಮೈಯ ಕಾವಲುಗಾರ ತೂಕಡಿಸಿದ್ರ ಹೆಚ್ಚಾಗತೈತಿ, ಎಚ್ಚರಾದ್ರ ಇಳೀತೈತಿ. ಅಂವ ಪೂರಾ ಎಚ್ಚರಾದ್ರ ನೀವು ಕೊಟ್ಟ ಕಿಡ್ನಿನ ಕಳ್ಳ ಅಂತ ಹೊಡೀತಾನ. ಅದಕ್ಕ ಗುಳಿಗಿ ಕೊಟ್ಟು ಅರೆನಿದ್ದ್ಯಾಗ ಇಟ್ಟೇವಿ. ನಿದ್ದಿ ಎಷ್ಟೈತಿ ಅಂತ ಈ ವೈರಸ್ ನೋಡಿ ತಿಳಕೋತೀವಿ.”

ನನ್ನ ತಲೆಯಲ್ಲಿ ಉಳಿದದ್ದು ಎರಡೇ ಮಾತು: ವೈರಸ್, ಹೆಚ್ಚು. ಸಕ್ಕರೆ ಕಾಯಿಲೆ, ಬಿಪಿಯ ಮನೆತನ ನಮ್ಮದು. ರಿಪೋರ್ಟಿನಲ್ಲಿ ಏರಿದ್ದನ್ನು ಇಳಿಸಬೇಕು ಎಂಬುದಷ್ಟೇ ನಮಗೆ ಗೊತ್ತಿದ್ದ ವೈದ್ಯಶಾಸ್ತ್ರ. ಹಿತ್ತಲ ಬೇವಿನ ಮರಕ್ಕೆ ಹಬ್ಬಿದ್ದ ಅಮೃತಬಳ್ಳಿಯನ್ನು ಕೊಯ್ದುಕೊಂಡು ಹೋಗಿ, ಜಜ್ಜಿ, ಜೀರಿಗೆ ಹಾಕಿ ಕುದಿಸಿದೆ. ಮೈಗೆ ಶಕ್ತಿ ಬರಲೆಂದು ಕೊರೊನಾ ಕಾಲದಲ್ಲಿ ಊರಿಗೆ ಊರೇ ಕುಡಿದ ಕಷಾಯ ಅದು.

“ಡಾಕ್ಟರಿಗೆ ಒಮ್ಮೆ ಕೇಳೂಣು ಅಕ್ಕಾ,” ಅಂದ ತಮ್ಮ.

“ಮನಿ ಔಷಧಕ್ಕ ಡಾಕ್ಟರ ಅಪ್ಪಣಿ ಯಾಕ ಬೇಕಲೇ? ಕಿಡ್ನಿ ಕೊಟ್ಟಾಕಿ ವಿಷ ಕೊಡ್ತೇನೇನು? ಸುಮ್ನ ಕುಡಿ.”

ಮುಖ ಕಿವುಚಿಕೊಂಡು ಕುಡಿದ. ಮುಂದೆ ಹೋದಾಗಲೆಲ್ಲ ಕುದಿಸಿ ಕುಡಿಸಿದೆ. ಚಿಕ್ಕಂದಿನಿಂದಲೂ ಅವನು ನನ್ನ ಬಾಯಿಗೆ ಅಂಜುವವನೇ.

ಮುಂದಿನ ರಿಪೋರ್ಟಿನಲ್ಲಿ ವೈರಸ್ ಬಹಳ ಇಳಿದಿತ್ತು. ನಾನು ಖುಷಿಯಿಂದ ಪೇಡೆ ಕೊಂಡು ತಂದು ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಮುಟ್ಟಲಿಲ್ಲ. ಕಿಡ್ನಿ ಪರೀಕ್ಷೆಯ ಕಾಗದವನ್ನೂ ತಿರುವಿ ನೋಡಿ, ಕಾವಲುಗಾರ ಪೂರಾ ಎಚ್ಚರಾಗಿದ್ದಾನೆ, ಮೈ ಕಿಡ್ನಿಯ ಮೇಲೆ ತಿರುಗಿಬಿದ್ದಿದೆ ಎಂದರು.

“ಬ್ಯಾರೆ ಏನಾರ ಔಷಧ ಕೊಟ್ಟೀರೇನ್ರಿ?”

ನಾನು ಬಾಯಿ ತೆರೆಯುವುದರೊಳಗೆ ತಮ್ಮ ಹೇಳಿದ: “ಇಲ್ರಿ ಸರ್. ಗುಳಿಗಿ ತಗೊಳ್ಳೂದು ನಾನ ಮರತೇನ್ರಿ.”

ಅವನು ಒಂದು ಗುಳಿಗೆಯನ್ನೂ ಮರೆತಿರಲಿಲ್ಲ. ವಾರದ ಡಬ್ಬಿ ತುಂಬಿಡುತ್ತಿದ್ದವಳು ನಾನು, ನನಗೆ ಗೊತ್ತಿಲ್ಲವೇ? ಡಾಕ್ಟರು ಅವನನ್ನು ಬಾಯಿಗೆ ಬಂದಂತೆ ಬೈದರು. ಊರೆಲ್ಲ ಹೆದರುವ ನನ್ನ ಬಾಯಿ ಅವತ್ತು ಕಟ್ಟಿಹೋಯಿತು. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚು ಭಯವಾಗಿತ್ತು.

ಅದಕ್ಕೆ ಕೊಟ್ಟ ಇಂಜೆಕ್ಷನ್ನುಗಳು ಫಲಿಸಲಿಲ್ಲ. ಎರಡು ತಿಂಗಳಲ್ಲಿ ಕಿಡ್ನಿ ಪೂರ್ತಿ ನಿಂತಿತು. ಈಗ ವಾರಕ್ಕೆ ಮೂರು ದಿನ ಡಯಾಲಿಸಿಸ್ಸಿಗೆಂದು ವಿಜಯಪುರಕ್ಕೆ ಹೋಗಿ ಬರುತ್ತಾನೆ. ಕಷಾಯದ ಮಾತನ್ನು ನನ್ನೆದುರು ಒಮ್ಮೆಯೂ ಎತ್ತಿಲ್ಲ.

ಬಬಲೇಶ್ವರದಲ್ಲಿ ಇವತ್ತಿಗೂ ನನ್ನನ್ನು ತಮ್ಮನಿಗೆ ಕಿಡ್ನಿ ಕೊಟ್ಟಾಕಿ ಎಂದೇ ತೋರಿಸುತ್ತಾರೆ. ಅವನಿಗೆ ಇನ್ನೊಂದು ಕಿಡ್ನಿ ಹಾಕಲು ಡಾಕ್ಟರು ಹಿಂದೆಮುಂದೆ ನೋಡುತ್ತಿದ್ದಾರೆ. ಗುಳಿಗೆ ಮರೆಯುವ ಮನುಷ್ಯ ಎಂದು ಫೈಲಿನಲ್ಲಿ ಬರೆದಿದೆ. ನಾನು ನಿಜ ಹೇಳಿದರೆ ಆ ಸಾಲನ್ನು ಹೊಡೆದು ಹಾಕುತ್ತಾರೆ. ಮೂರು ಸಲ ಆ ಡಾಕ್ಟರ ಬಾಗಿಲವರೆಗೆ ಹೋಗಿ, ತಿರುಗಿ ಬಂದಿದ್ದೇನೆ.