ಜೋಗಿಮಟ್ಟಿಯಲ್ಲಿ ಹರಿದ ಶಿವದಾರ

ಕೋಟೆಯ ಬುಡದಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಕೊಬ್ಬು ಇರುತ್ತದೆ. ಬಂಡೆ ಕಂಡರೆ ಸಾಕು, ಚಪ್ಪಲಿ ಕಳಚಿ ಹತ್ತುವುದೇ. ಚಿತ್ರದುರ್ಗದ ಕೋಟೆಯನ್ನು ಮೆಟ್ಟಿಲ ಮೇಲೆ ಹತ್ತುವವರನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ನಗು. ಮಳೆ ಬಿದ್ದು ತೊಯ್ದಿದ್ದರೂ ಯಾವ ಬಂಡೆಯಲ್ಲಿ ಕಾಲು ನಿಲ್ಲುತ್ತದೆ, ಯಾವುದರಲ್ಲಿ ಜಾರುತ್ತದೆ ಎಂದು ನನ್ನ ಅಂಗಾಲಿಗೆ ಗೊತ್ತಿತ್ತು. ಈ ಕೊಬ್ಬೇ ಒಂದು ಆಷಾಢದ ಭಾನುವಾರ ನನ್ನ ಗೆಳೆಯನ ಜೀವಕ್ಕೆ ಕುತ್ತಾಗಿ ಬಂತು. ಎಪ್ಪತ್ತರ ದಶಕದ ಮಾತು, ನಾನಾಗ ದುರ್ಗದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ.

ನಾವು ಮೂವರು. ನಮ್ಮಲ್ಲಿ ಹೆಸರು ಹಿಡಿದು ಕರೆಯುವ ಪದ್ಧತಿಯೇ ಇರಲಿಲ್ಲ, ಊರೇ ಹೆಸರು. ನಾನು ದುರ್ಗ. ಇನ್ನೊಬ್ಬ ಹಿರಿಯೂರು, ಕುರಿ ಸಾಕುವವರ ಮನೆಯವನು. ಹಾಸ್ಟೆಲಿಗೆ ಸೇರುವ ದಿನವೂ ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಬಂದವನು, ಮಾತು ಕಡಿಮೆ. ಮೂರನೆಯವನು ಹೊಳಲ್ಕೆರೆ. ಅವನ ತಂದೆಗೆ ಅಲ್ಲಿ ಕೊಬ್ಬರಿ ವ್ಯಾಪಾರ. ಕೊರಳಲ್ಲಿ ಶಿವದಾರ, ದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಬೆಳಿಗ್ಗೆ ಹಾಸ್ಟೆಲಿನಲ್ಲಿ ಎಲ್ಲರೂ ಬಿಸಿ ಉಪ್ಪಿಟ್ಟಿಗೆ ಮುಗಿಬೀಳುವಾಗ ಇವನು ಸ್ನಾನ ಮಾಡಿ, ಪೂಜೆ ಮುಗಿಸಿ, ಆರಿ ಗಟ್ಟಿಯಾದದ್ದನ್ನು ತಿನ್ನುತ್ತಿದ್ದ. ಪೂಜೆಯಾಗದೆ ಒಂದು ಗುಟುಕು ನೀರೂ ಇಲ್ಲ. ನಾನೋ ಮಾಂಸ ತಿನ್ನುವ ಮನೆಯವನು, ಅವನನ್ನು ಕಾಡಿಸುವುದೇ ಒಂದು ಕೆಲಸ ಮಾಡಿಕೊಂಡಿದ್ದೆ. ನಿನ್ನ ದೇವರಿಗೆ ಬಿಸಿ ಉಪ್ಪಿಟ್ಟು ಕಂಡರೆ ಆಗುವುದಿಲ್ಲವೇನೋ ಎಂದರೆ ನಕ್ಕು ಸುಮ್ಮನಾಗುತ್ತಿದ್ದ. ತಿರುಗಿ ಬೈದಿದ್ದರೆ ನನಗೂ ಸಮಾಧಾನವಾಗುತ್ತಿತ್ತು.

ಜೋಗಿಮಟ್ಟಿಗೆ ಹೋಗೋಣ ಎಂದು ಎಬ್ಬಿಸಿದವನು ನಾನೇ. ನಮ್ಮ ಸುತ್ತಿನಲ್ಲಿ ಅದಕ್ಕಿಂತ ಎತ್ತರದ ಗುಡ್ಡವಿಲ್ಲ. ಊರಿನಲ್ಲಿ ಅಂಗಿ ಆಡಿಸುವಷ್ಟು ಗಾಳಿ ಇದ್ದರೆ ಅಲ್ಲಿ ಮನುಷ್ಯನನ್ನು ತಳ್ಳುವಷ್ಟಿರುತ್ತದೆ. ಮೇಲಿನ ಅರಣ್ಯ ಇಲಾಖೆಯ ಬಂಗಲೆಯವರೆಗೆ ಕಾಡಿನ ರಸ್ತೆಯಿದೆ. ಅರ್ಧ ದಾರಿಯವರೆಗೆ ಅದರಲ್ಲೇ ನಡೆದೆವು. ಅಷ್ಟರಲ್ಲಿ ಹೊಸದುರ್ಗದ ಕಡೆಯಿಂದ ಮೋಡ ಏರಿ ಬಂದು ಗುಡ್ಡದ ನೆತ್ತಿ ಕಾಣದಂತಾಯಿತು. ಹಿರಿಯೂರು ನಿಂತು ಮೂಗೆತ್ತಿ ಗಾಳಿ ನೋಡಿದ. ಇದು ಹನಿ ಹಾಕಿ ಬಿಡುವ ಮೋಡವಲ್ಲ, ವಾಪಸು ಹೋಗುವುದು ಒಳ್ಳೆಯದು ಎಂದ. ನಾನು ನಕ್ಕೆ. ಕುರಿ ಕಾಯುವವನು ಮಳೆಗೆ ಹೆದರಿದರೆ ಕುರಿಗಳು ಏನೆಂದುಕೊಂಡಾವು ಎಂದೆ. ಅಷ್ಟಕ್ಕೇ ಬಿಡಲಿಲ್ಲ, ರಸ್ತೆ ಸುತ್ತಿಕೊಂಡು ಹೋಗುತ್ತದೆ, ಈ ಕೊರಕಲಿನಲ್ಲಿ ನೇರ ಹತ್ತಿದರೆ ಮಳೆ ಶುರುವಾಗುವ ಮುಂಚೆ ಬಂಗಲೆ ಸೇರಬಹುದು ಎಂದು ರಸ್ತೆ ಬಿಡಿಸಿದೆ. ಬಂಡೆಯ ವಿಷಯದಲ್ಲಿ ನನ್ನ ಮಾತೇ ಮಾತು ಎಂದು ಅವರಿಬ್ಬರೂ ನಂಬಿದ್ದರು.

ತಪ್ಪಾದದ್ದು ಅಲ್ಲಿ. ಕೋಟೆಯ ಕಲ್ಲು ಬೇರೆ, ಜೋಗಿಮಟ್ಟಿಯ ಕಲ್ಲು ಬೇರೆ. ನಮ್ಮ ಬಂಡೆ ಒಂದೇ ತುಂಡು, ಆನೆ ನಿಂತರೂ ಅಲ್ಲಾಡುವುದಿಲ್ಲ. ಈ ಗುಡ್ಡದ್ದು ಪದರು ಪದರು, ಹಪ್ಪಳದ ಕಟ್ಟು ಜೋಡಿಸಿಟ್ಟ ಹಾಗೆ. ಒಣಗಿದ್ದಾಗ ನೋಡಲು ಗಟ್ಟಿ, ನೆನೆದರೆ ಹಿಡಿದ ಕಡೆಯೇ ಕಿತ್ತು ಬರುತ್ತದೆ. ಹುಟ್ಟಿದಾಗಿನಿಂದ ಅದನ್ನು ದೂರದಿಂದ ನೋಡುತ್ತ ಬಂದಿದ್ದ ನನಗೆ ಇಷ್ಟು ಗೊತ್ತಿರಲಿಲ್ಲ.

ಮಳೆ ಹಿಡಿದಾಗ ಕೊರಕಲಿನ ಮುಕ್ಕಾಲು ಪಾಲು ಹತ್ತಿದ್ದೆವು. ಹನಿ ಮೇಲಿನಿಂದ ಬೀಳುತ್ತಿರಲಿಲ್ಲ, ಗಾಳಿ ಅದನ್ನು ಅಡ್ಡಡ್ಡ ಎಸೆಯುತ್ತಿತ್ತು. ಹತ್ತು ಮಾರು ಆಚೆಗೆ ಬರೀ ಬಿಳುಪು. ಮುಂದೆ ನಾನು, ನನ್ನ ಕೆಳಗೆ ಪಕ್ಕಕ್ಕೆ ಹೊಳಲ್ಕೆರೆ, ಅವನ ಹಿಂದೆ ಹಿರಿಯೂರು. ಎರಡೂ ಕೈಯಲ್ಲಿ ಒಂದು ಕಲ್ಲಿನ ಚಾಚು ಹಿಡಿದು ಮೈ ಎತ್ತಿದೆ. ಚಾಚು ಇಡಿಯಾಗಿ ಕಿತ್ತು ನನ್ನ ಕೈಗೆ ಬಂತು.

ಹೊಟ್ಟೆಯ ಮೇಲೆ ಜಾರಿದೆ. ಹೊಳಲ್ಕೆರೆಯ ಪಕ್ಕದಲ್ಲಿ ಹಾದು ಹೋಗುವಾಗ ಕೈಗೆ ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು ಅವನ ಅಂಗಿಯ ಕುತ್ತಿಗೆ ಮತ್ತು ಶಿವದಾರ. ಗುಂಡಿಗಳು ಕಿತ್ತವು, ದಾರ ಹರಿಯಿತು. ಕರಡಿಗೆ ಅವನ ಮೊಣಕಾಲಿಗೆ ಬಡಿದು ಅಲ್ಲೇ ಒಂದು ಹುಲ್ಲಿನ ಬುಡದಲ್ಲಿ ನಿಂತಿತು. ನಾನು ಕಣ್ಣಾರೆ ನೋಡಿದೆ, ಗೇಣು ದೂರ. ಅವನ ಬಲಗೈ ಒಂದು ಬಂದರಿಕೆ ಗಿಡದ ಬುಡ ಹಿಡಿದಿತ್ತು, ಬಿಡುವ ಹಾಗಿರಲಿಲ್ಲ. ಎಡಗೈ ಖಾಲಿ ಇತ್ತು. ಅವನೂ ಕರಡಿಗೆಯನ್ನು ನೋಡಿದ. ಆಮೇಲೆ ಆ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದ. ನನ್ನ ಭಾರ ಬಿದ್ದ ಎಳೆತಕ್ಕೆ ಹುಲ್ಲು ಅಲುಗಿತು, ಕರಡಿಗೆ ಉರುಳಿತು. ಒಂದು ಸಲ ಟಣ್ ಎಂದದ್ದು ಕೇಳಿಸಿತು, ಅಷ್ಟೇ.

ಹಿರಿಯೂರು ಕೆಳಗಿನಿಂದ ನನ್ನ ಕಾಲಿಗೆ ಹೆಗಲು ಕೊಟ್ಟು ಎತ್ತಿದ. ಮೂವರೂ ಪಕ್ಕದ ಒಂದು ಕಲ್ಲಿನ ಮರೆಗೆ ಹೋಗಿ ಬಿದ್ದುಕೊಂಡೆವು. ಬದುಕಿದೆ ಎಂದು ನಾನು ನಗಾಡುತ್ತಿದ್ದೆ ಕೂಡ. ಹೊಳಲ್ಕೆರೆ ಎದೆ ಮುಟ್ಟಿ ನೋಡಿಕೊಂಡ, ಬಿಳಿಚಿಕೊಂಡ.

ಸ್ವಲ್ಪ ದಣಿವಾರಿದ ಮೇಲೆ, ನಿಧಾನಕ್ಕೆ ಅಡ್ಡ ಹೋಗಿ ರಸ್ತೆ ಸೇರೋಣ ಎಂದು ಹಿರಿಯೂರು ಎದ್ದ. ಹೊಳಲ್ಕೆರೆ ಏಳಲಿಲ್ಲ. ಎನ್.ಸಿ.ಸಿ.ಯ ನೀರಿನ ಬಾಟಲಿ ಕೊಟ್ಟೆ, ಮುಟ್ಟಲಿಲ್ಲ. ಮೈಮೇಲೆ ಲಿಂಗವಿಲ್ಲದೆ ನೀರು ಕುಡಿಯುವ ಹಾಗಿಲ್ಲ. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದಿತ್ತು. ಲಿಂಗ ಬಿದ್ದರೆ ಅದು ಸಿಗುವವರೆಗೆ ಬಿದ್ದ ಜಾಗ ಬಿಟ್ಟು ಕದಲಬಾರದು ಎಂದು ಅವರ ತಾತ ಅವನಿಗೆ ಎಳವೆಯಲ್ಲೇ ಹೇಳಿಕೊಟ್ಟಿದ್ದರಂತೆ.

"ನೀವು ಹೋಗ್ರಿ. ನಾನು ಇಲ್ಲೇ ಇರ್ತೀನಿ," ಎಂದ.

ನನ್ನ ಬಾಯಿ ಮೊದಲಿನಿಂದಲೂ ಕೆಟ್ಟದ್ದು, ಹೆದರಿಕೆಯಾದರೆ ಇನ್ನೂ ಕೆಡುತ್ತದೆ. ಬಾಯಿಗೆ ಬಂದ ಹಾಗೆ ಬೈದೆ. ಕಲ್ಲು ಹೋದರೆ ಇನ್ನೊಂದು ಕಲ್ಲು ತಂದರಾಯಿತು, ಅದಕ್ಕೆ ಸಾಯುತ್ತೀಯಾ ಎಂದುಬಿಟ್ಟೆ. ಆ ಮಾತು ಈಗ ನೆನಪಾದರೂ ನಾಲಗೆ ಕಚ್ಚಿಕೊಳ್ಳುತ್ತೇನೆ. ಅವನ ಹಲ್ಲು ಕಟಕಟ ಎನ್ನುತ್ತಿದ್ದವು. ಹಿರಿಯೂರು ಕಂಬಳಿಯನ್ನು ಕೊಪ್ಪೆ ಮಾಡಿ ಅವನ ತಲೆಯ ಮೇಲಿನಿಂದ ಇಳಿಬಿಟ್ಟು, ನನ್ನನ್ನು ಆಚೆಗೆ ಕರೆದ.

"ಲೇ, ಇವ್ನ ತುಟಿ ನೋಡು, ನೀಲಿ ಆಗ್ಯಾವೆ. ಮರಿಗೆ ಹಿಂಗಾದ್ರೆ ಎರಡು ತಾಸು ತಡಿಯಲ್ಲ. ಹೊತ್ಕಂಡು ಹೋಗಾಣ ಅಂದ್ರೆ ಈ ಜಾರಿಕೆಗೆ ಮೂರು ಜನಾನೂ ಹೋಗ್ತೀವಿ. ಅವ್ನೇ ಎದ್ದು ನಡೀಬೇಕು."

ಅವನೇ ಎದ್ದು ನಡೆಯಬೇಕಾದರೆ ಕರಡಿಗೆ ಸಿಗಬೇಕು. ಬೀಳಿಸಿದವನು ನಾನು, ಇಳಿಯಬೇಕಾದವನೂ ನಾನೇ. ಮಂಜಿನಲ್ಲಿ ದಿಕ್ಕು ತಪ್ಪದಿರಲು ಹಿರಿಯೂರು ಒಂದು ಉಪಾಯ ಹೇಳಿದ: ತಾನು ಬಿಟ್ಟು ಬಿಟ್ಟು ಕೂಗುತ್ತಿರುತ್ತೇನೆ, ಕೂಗು ಸಣ್ಣಗಾದರೆ ನಿಲ್ಲು, ಕೇಳಿಸದಿದ್ದರೆ ಹತ್ತಿ ಬಾ. ತಪ್ಪಿಸಿಕೊಂಡ ಕುರಿಯನ್ನು ಅವರು ಹಾಗೆಯೇ ಕರೆಯುವುದು. ಈ ಸಲ ಕೋಟೆಯವನೆಂಬ ಜಂಬ ಬಿಟ್ಟು, ಕುಂಡಿಯ ಮೇಲೆ ತೆವಳಿಕೊಂಡು ಇಳಿದೆ. ಹಿಡಿದ ಪ್ರತಿ ಕಲ್ಲನ್ನೂ ಮೊದಲು ಗುದ್ದಿ ನೋಡುತ್ತಿದ್ದೆ. ಮೇಲಿನಿಂದ ಟ್ರ್ರ್ ಹೋಯ್ ಎಂಬ ಕೂಗು ಬರುತ್ತಿತ್ತು, ಗಾಳಿ ಜೋರಾದಾಗ ಅದೂ ಇಲ್ಲ. ಎರಡು ಸಲ ಕಾಲ ಕೆಳಗಿನ ಮಣ್ಣು ಕುಸಿಯಿತು. ಎರಡನೆಯ ಸಲ ನಾನು ಅವ್ವನನ್ನು ಕೂಗಿದೆ, ಸುಳ್ಳು ಹೇಳುವುದಿಲ್ಲ.

ಕರಡಿಗೆ ನೀರು ಹರಿಯುವ ಒಂದು ಸಂದಿಯಲ್ಲಿ ಸಿಕ್ಕಿತು. ಮುಚ್ಚಳ ನಗ್ಗಿ ತೆರೆದಿತ್ತು. ಲಿಂಗಕ್ಕೆ ಸುತ್ತಿದ್ದ ಬಿಳಿ ಬಟ್ಟೆ ಮಾತ್ರ ಒಳಗೆ ಅಂಟಿಕೊಂಡಿತ್ತು. ಸಂದಿಯಲ್ಲಿ ಕೈ ಇಟ್ಟು ತಡವಿದೆ, ಕೆಸರು ಬಾಚಿದೆ, ಉಗುರು ಕಿತ್ತುಬಂತು. ಅದರ ಕೆಳಗೆ ಗುಡ್ಡ ಕಡಿದಂತೆ ಇಳಿದಿತ್ತು, ನೀರು ಧೋ ಎಂದು ಬೀಳುತ್ತಿತ್ತು. ಬಿದ್ದದ್ದು ಅಲ್ಲಿಗೆ ಹೋಗಿದ್ದರೆ ದೇವರೇ ಬಂದು ಹುಡುಕಬೇಕು.

ಆಗ ಮಾಡಿದೆ ನೋಡಿ ಆ ಕೆಲಸ. ಸಂದಿಯಲ್ಲಿ ನೀರಿಗೆ ನುಣ್ಣಗಾದ ಕರಿಯ ಕಲ್ಲೊಂದು ಬಿದ್ದಿತ್ತು, ಹೆಚ್ಚುಕಡಿಮೆ ಅದೇ ಗಾತ್ರ. ಅದನ್ನು ಬಟ್ಟೆಯಲ್ಲಿ ಸುತ್ತಿ, ಕರಡಿಗೆಯಲ್ಲಿಟ್ಟು, ಮುಚ್ಚಳವನ್ನು ಕಲ್ಲಿನಿಂದ ಕುಟ್ಟಿ ಬಿಗಿ ಮಾಡಿದೆ. ನನಗೆ ನಂಬಿಕೆಯಿಲ್ಲ ಎಂದು ದಿನಾ ಡಂಗುರ ಹೊಡೆಯುತ್ತಿದ್ದ ನಾನು ಆ ಹೊತ್ತು ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಯಾರನ್ನು ಕೇಳಿದೆನೋ ಗೊತ್ತಿಲ್ಲ.

ಮೇಲೆ ಬಂದು ಕರಡಿಗೆ ಕೊಟ್ಟೆ. ಮುಚ್ಚಳ ನಗ್ಗಿದೆ, ಈ ಮಳೆಯಲ್ಲಿ ತೆಗೆಯಲು ಹೋಗಬೇಡ, ರೂಮಿಗೆ ಹೋಗಿ ತೆಗೆ ಎಂದೆ. ಅವನು ಅಂಗೈಯಲ್ಲಿಟ್ಟುಕೊಂಡು ಬೆರಳು ಮಡಿಸಿದ. ನನ್ನ ಮುಖ ನೋಡಿದ, ರಕ್ತ ಸೋರುತ್ತಿದ್ದ ನನ್ನ ಬೆರಳು ನೋಡಿದ. ಹರಿದ ದಾರಕ್ಕೆ ಗಂಟು ಹಾಕಿ ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಂಡ. ನಡಿರಿ, ಹೋಗಾಣ ಎಂದ. ನನಗೆ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು.

ಅಡ್ಡ ದಾರಿ ಹುಡುಕಿದವನು ಹಿರಿಯೂರು. ದನದ ಗೊರಸಿನ ಗುರುತು ಹಿಡಿದುಕೊಂಡು ಅವನು ಮುಂದೆ, ನಡುವೆ ಹೊಳಲ್ಕೆರೆ, ಕೊನೆಗೆ ನಾನು. ರಸ್ತೆ ಸಿಕ್ಕಿತು, ಸಂಜೆಯ ಹೊತ್ತಿಗೆ ಗುಡ್ಡದ ಬುಡದ ಚಹದ ಅಂಗಡಿಯೂ ಸಿಕ್ಕಿತು. ಅಂಗಡಿಯವರು ನಮ್ಮ ಅವತಾರ ನೋಡಿ ಒಲೆಯ ಮುಂದೆ ಕೂರಿಸಿ ಚಹ ಕೊಟ್ಟರು. ನಾನು ಸುಡುಸುಡುವಾಗಿಯೇ ಕುಡಿದೆ. ಹೊಳಲ್ಕೆರೆ ಲೋಟ ಹಿಡಿದುಕೊಂಡು ಕೈ ಕಾಯಿಸಿಕೊಳ್ಳುತ್ತ ಕೂತ. ಕುಡಿಯಲಿಲ್ಲ. ಚಹ ಆರಿ ಕೆನೆ ಕಟ್ಟಿತು.

ನಾನು ರೇಗಿದೆ. ಲಿಂಗ ಸಿಕ್ಕಿತಲ್ಲ, ಇನ್ನೇನು ನಿನ್ನ ಗೋಳು ಎಂದೆ. ಹಿರಿಯೂರು ಕಂಬಳಿ ಹಿಂಡಲು ಹೊರಗೆ ಹೋಗುವವರೆಗೆ ಕಾದು, ಅವನು ಮೆಲ್ಲಗೆ ಹೇಳಿದ:

"ಇದು ಅದಲ್ಲ ಅಂತ ಕೈಗಿಟ್ಟ ಕೂಡ್ಲೇ ಗೊತ್ತಾತು ಕಣೋ. ದಿನಾ ಹಿಡಿಯೋ ಭಾರ ಗೊತ್ತಾಗಲ್ವಾ? ನಾನು ಎದ್ದು ಬರ್ದಿದ್ರೆ ನೀನು ಮತ್ತೆ ಇಳೀತಿದ್ದೆ. ಈ ಸಲ ಮೇಲೆ ಬರ್ತಿರ್ಲಿಲ್ಲ."

ಒಲೆಯ ಹೊಗೆ ಎಂದು ಹೇಳಿ ನಾನು ಎದ್ದು ಆಚೆ ಹೋದೆ. ಗಂಡಸು ಹೀಗೆಲ್ಲ ಅಳಬಾರದು ಎನ್ನುವಷ್ಟು ಅತ್ತೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ನಾವಿಬ್ಬರೂ ಅವನ ಊರು ಹೊಳಲ್ಕೆರೆಗೆ ಹೊರಟೆವು. ಹಿರಿಯೂರು ಜ್ವರದಲ್ಲಿ ಮಲಗಿದ್ದ, ಬರಲಿಲ್ಲ. ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತ ಹೊಳಲ್ಕೆರೆಯ ತುಟಿ ಒಣಗಿ ಸಿಪ್ಪೆ ಎದ್ದದ್ದನ್ನು ನೋಡುತ್ತ ಬಂದೆ. ಅವನ ತಾಯಿ ವಿಷಯ ಕೇಳಿದವರೇ ಬಾಗಿಲಲ್ಲೇ ಕುಸಿದು ಕೂತರು. ತಂದೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಅಯ್ಯನವರನ್ನು ಮನೆಗೆ ಕರೆಸಿದರು.

ಅಯ್ಯನವರೆಂದರೆ ಅವರ ಮನೆತನಕ್ಕೆ ಲಿಂಗದೀಕ್ಷೆ ಕೊಡುವ ಗುರುಗಳು, ವಯಸ್ಸಾದವರು. ಹೊಸ ಲಿಂಗ ಸಿದ್ಧ ಮಾಡಿಕೊಂಡು ಮಣೆಯ ಮೇಲೆ ಕೂತಿದ್ದರು. ನಾನು ಬಾಗಿಲ ಹತ್ತಿರ ನಿಂತೆ. ಹೊಳಲ್ಕೆರೆ ಮೈ ತೊಳೆದು, ಅಂಗಿಯಿಲ್ಲದೆ ಒಳಗೆ ಬಂದ. ಆಗ ನೋಡಿದೆ: ಎಡ ಭುಜ ಊದಿ ಕುಂಬಳಕಾಯಿಯಾಗಿತ್ತು, ಮೊಣಕೈವರೆಗೆ ಕಪ್ಪು ಹತ್ತಿತ್ತು. ಹಿಂದಿನ ದಿನದಿಂದ ನನಗೆ ಒಂದು ಮಾತೂ ಹೇಳಿರಲಿಲ್ಲ. ಅಯ್ಯನವರು ಎಡಗೈ ಚಾಚು ಎಂದರು. ಲಿಂಗ ಹಿಡಿಯುವುದು ಎಡ ಅಂಗೈಯಲ್ಲಿ. ಅವನು ಎತ್ತಿದ, ಕೈ ಗಡಗಡ ನಡುಗಿ ಕೆಳಗೆ ಬಿತ್ತು. ಮತ್ತೆ ಎತ್ತಿದ, ಮತ್ತೆ ಬಿತ್ತು. ಏನಾಯಿತು ಎಂದು ಕೇಳಿದ್ದಕ್ಕೆ, ಗುಡ್ಡದಲ್ಲಿ ಬಿದ್ದೆ ಎಂದ.

"ಅವ್ನು ಬೀಳ್ಲಿಲ್ಲ ಅಯ್ನೋರೆ. ಬಿದ್ದೋನು ನಾನು," ಎಂದೆ.

ಎಲ್ಲ ಹೇಳಿದೆ. ದಾರ ಹರಿದದ್ದು, ಗೇಣು ದೂರದ ಕರಡಿಗೆ ಬಿಟ್ಟು ಅವನು ನನ್ನ ಕೈ ಹಿಡಿದದ್ದು, ಕರಡಿಗೆಯಲ್ಲಿ ನಾನು ಕಾಡುಕಲ್ಲು ಇಟ್ಟದ್ದು. ಕಲ್ಲಿನ ಮಾತು ಬಂದಾಗ ಅವನ ತಂದೆ ಎದ್ದು ನಿಂತರು. ಅಯ್ಯನವರು ಕೈ ಮಾಡಿ ಕೂರಿಸಿದರು. ಹೊರಗೆ ಹೋಗು ಎಂದು ಅವರು ಹೇಳುವುದನ್ನೇ ನಾನು ಕಾಯುತ್ತಿದ್ದೆ.

"ಹಿತ್ತಲಾಗೆ ಬಾವಿ ಐತೆ. ಮೈ ತೊಳ್ಕಂಡು ಬಾರಪ್ಪ," ಎಂದರು. "ಇವ್ನ ಕೈ ನಿಲ್ಲವಲ್ದು. ನೀನು ಹಿಡ್ಕ."

ನನ್ನ ಜಾತಿ ಯಾವುದು ಎಂದು ಅವರು ಕೇಳಲಿಲ್ಲ. ನಾನೇ ಹೇಳಲು ಬಾಯಿ ತೆರೆದೆ, ಹೊತ್ತಾಗುತ್ತದೆ ಎಂದರು. ಎರಡು ಕೊಡ ತಣ್ಣೀರು ಸುರಿದುಕೊಂಡು ಬಂದು ಒದ್ದೆ ಮೈಯಲ್ಲಿ ಅವನ ಪಕ್ಕ ಕೂತು, ಮಣಿಕಟ್ಟನ್ನು ಕೆಳಗಿನಿಂದ ಎರಡೂ ಕೈಯಲ್ಲಿ ಹಿಡಿದೆ. ಜ್ವರ ಬಂದವನ ಹಾಗೆ ಅವನ ಮೈ ಸುಡುತ್ತಿತ್ತು. ಅಯ್ಯನವರು ಮಂತ್ರ ಹೇಳಿ ಲಿಂಗವನ್ನು ಅವನ ಅಂಗೈಯಲ್ಲಿಟ್ಟರು. ಕೈ ಅಲುಗಲಿಲ್ಲ.

ಎಲ್ಲ ಮುಗಿದ ಮೇಲೆ ತಾಯಿ ಒಂದು ಚೊಂಬು ನೀರು ತಂದರು. ಅವನು ಬಲಗೈಯಲ್ಲಿ ಎತ್ತಿ ಕುಡಿದ. ಚೊಂಬು ಖಾಲಿಯಾಗುವವರೆಗೂ ನಾನು ಅವನ ಎಡಗೈ ಬಿಡಲಿಲ್ಲ.