‘ಕಟ್’ ಅಂದಳು ಬೃಂದಾ

ಹನಗೋಡಿನ ಪಕ್ಕದ ನಮ್ಮೂರಿನಲ್ಲಿ ಸಿನಿಮಾ ನಟಿ ಅಂತ ಇರುವವಳು ಒಬ್ಬಳೇ, ಮಲ್ಲಾಜಮ್ಮ. ಪರದೆಯ ಮೇಲೆ ಬೃಂದಾ. ಆ ಹೆಸರು ಬರುವಷ್ಟರಲ್ಲಿ ಜನ ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ, ಆ ಮಾತು ಬೇರೆ. ನಾಯಕಿಗೆ ಏಟು ಬಿದ್ದರೆ ಮುಖ ಕೆಡುತ್ತದಲ್ಲ, ಅವಳ ಪಾಲಿನದನ್ನೆಲ್ಲ ತಿನ್ನಲು ನಮ್ಮ ಬೃಂದಾ. ಕೆನ್ನೆಗೆ ಹೊಡೆಸಿಕೊಂಡಳು, ಮೆಟ್ಟಿಲಿಂದ ಉರುಳಿದಳು, ಕೆ.ಆರ್. ನಗರದ ಹತ್ತಿರ ನಾಲೆಗೆ ಬಿದ್ದಳು. ಒಂದು ಸಿನಿಮಾದಲ್ಲಾದರೂ ಅವಳು ನೆಮ್ಮದಿಯಾಗಿ ಕೂತು ಉಂಡಿದ್ದನ್ನು ನಾನು ಕಾಣೆ.

ಅವಳು ಸಿನಿಮಾಕ್ಕೆ ಸೇರಿದ್ದೇ ಒಂದು ಎಡವಟ್ಟಿನಿಂದ. ಊರಿನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಶೂಟಿಂಗಿನವರು ಬಂದಿದ್ದರು. ನಾಯಕಿಯ ಬದಲು ಬೀಳಲು ಒಬ್ಬ ಹುಡುಗಿ ಬೇಕು, ಅವಳನ್ನು ಎಳೆದಾಡಲು ನಾಲ್ಕಾರು ಹೆಂಗಸರು ಬೇಕು ಅಂದರು. ಬೀಳಲು ಮಲ್ಲಾಜಮ್ಮ ಹೋದಳು, ಎಳೆದಾಡಲು ಹೋದವರೆಲ್ಲ ಸೊಪ್ಪು ಕಟ್ಟುವವರು. ಹಸಿ ಎಲೆಯನ್ನು ದಾರ ಹಾಕಿ ಕಡ್ಡಿಗೆ ಬಿಗಿಯುವುದೇ ಅವರ ಕಸುಬು. ಎಳೆದಾಟ ಮುಗಿಯಿತೆಂದು ನಿರ್ದೇಶಕ ‘ಕಟ್! ಕಟ್!’ ಎಂದು ಕೂಗಿದ. ದಿನಾ ಮೇಸ್ತ್ರಿಯ ಬಾಯಲ್ಲಿ ‘ಕಟ್ರವ್ವಾ, ಬಿರಬಿರನೆ ಕಟ್ರಿ’ ಅಂತಲೇ ಕೇಳಿದ ಕಿವಿಗಳು ಅವು. ನೋಡನೋಡುತ್ತಲೇ ಮಲ್ಲಾಜಮ್ಮನ ಕೈಕಾಲು ಹಗ್ಗದಲ್ಲಿ! ಅವನು ಜೋರಾಗಿ ಕೂಗಿದಷ್ಟೂ ಇವರು ಬಿಗಿ ಮಾಡಿದರು. ಮಣಿಕಟ್ಟಿನ ಚರ್ಮ ಕಿತ್ತು ರಕ್ತ ಬಂತು. ಅವಳು ಕಿರುಚಿದ ರೀತಿಗೆ ನಿರ್ದೇಶಕ ದಂಗಾಗಿ, ‘ಈ ಕೂಗು ನನಗೆ ಬೇಕು’ ಅಂದ. ಬೃಂದಾ ಅಂತ ಹೆಸರಿಟ್ಟವನೂ ಅವನೇ.

ಟ್ರ್ಯಾಕ್ಟರ್ ಓಡಿಸುವ ನಂಜುಂಡೇಶ ಅವಳನ್ನು ಮೆಚ್ಚಿ ಮದುವೆಯಾದ. ಮೊದಮೊದಲು ಹೆಂಡತಿ ಸಿನಿಮಾದವಳು ಅಂತ ಮೀಸೆ ತಿರುವಿದ. ಆಮೇಲೆ ಒಂದು ದಿನ ಹುಣಸೂರಿನ ಟಾಕೀಸಿನಲ್ಲಿ ಅವಳಿಗೆ ಬೇರೆಯವನು ಹೊಡೆಯುವುದನ್ನು ಕಂಡು ಬಂದವನೇ ಬಾಗಿಲ ಚಿಲಕ ಹಾಕಿದ.

‘ಕಂಡೋರ ಕೈಲಿ ಒಡಿಸ್ಕತೀಯ, ಕಟ್ಕಂಡೋನು ಒಡುದ್ರೆ ನೋವಾ ನಿಂಗೆ?’

ಬಾಗಿಲ ಚೌಕಟ್ಟಿಗೆ ಅವಳ ಮುಖ ಅಪ್ಪಳಿಸಿ ಮುಂದಿನ ಹಲ್ಲು ಮುರಿದ. ಕೂಗು ಕೇಳಿ ಪಕ್ಕದ ಮನೆಯ ಮಹದೇವಮ್ಮ ಓಡಿ ಬಂದರೆ, ಬಾಗಿಲಲ್ಲಿ ನಿಂತು ನಗುನಗುತ್ತಾ ಹೇಳಿದ: ‘ಪ್ರಾಕ್ಟೀಸು ಕಣಕ್ಕ. ನಾಳೀಕೆ ಶೂಟಿಂಗ್ ಅದೆ.’

ಊರು ನಂಬಿತು! ಆಮೇಲೆ ಬೆಲ್ಟಿನಲ್ಲಿ ಬಾರಿಸಿದಾಗಲೂ, ಬೆರಳು ತಿರುಚಿ ಮುರಿದಾಗಲೂ ಹೊರಗೆ ಕಟ್ಟೆಯ ಮೇಲೆ ಕೂತವರು ಅವಳ ನಟನೆಯನ್ನು ಹೊಗಳುತ್ತಿದ್ದರು. ‘ಏನ್ ಕೂಗ್ತಾಳವ್ವ ನಮ್ ಉಡ್ಗಿ! ನಿಜ ಅನ್ನಂಗೆ!’

ಶೂಟಿಂಗಿನಲ್ಲಿ ಅವಳ ಊದಿದ ಕಣ್ಣು ನೋಡಿದ ಮೇಕಪ್ಪಿನವನು, ‘ಒಳ್ಳೇದೇ ಆಯ್ತು, ಬಣ್ಣ ಉಳೀತು’ ಅಂದನಂತೆ. ‘ಇಲ್ಲಿ ಕಟ್ ಅಂದ್ರೆ ನಿಲ್ತದೆ. ಮನೇಲಿ ಯಾರಂತಾರೆ ಸಾರ್?’ ಅಂತ ಇವಳು ಕೇಳಿದ್ದಕ್ಕೆ, ಡೈಲಾಗ್ ಚೆನ್ನಾಗಿದೆ ಅಂತ ನಕ್ಕನಂತೆ. ಇದನ್ನು ನೆನೆದರೆ ನನಗೆ ಈಗಲೂ ರಕ್ತ ಕುದಿಯುತ್ತದೆ.

ಹೋದ ವರ್ಷ ಸೊಪ್ಪು ಬೇಯಿಸುವ ಕಾಲದಲ್ಲಿ ಅವಳಿಗೊಂದು ಪಾತ್ರ ಬಂತು. ಹೊಡೆಯುವ ಗಂಡನಿಗೆ ತಿರುಗಿ ಬಾರಿಸುವ ಹೆಂಡತಿ. ಮೊದಲ ಸಲ ಬಾಯಿತುಂಬ ಮಾತು, ಮೊದಲ ಸಲ ಏಟು ಕೊಡುವ ಕೈ. ಹೋದರೆ ಕಾಲು ಮುರಿಯುತ್ತೇನೆ ಅಂದ ನಂಜುಂಡೇಶ. ಅವಳು ಬೆಳಿಗ್ಗೆ ಎದ್ದು ಬ್ಯಾಗು ಹಿಡಿದು ಹೊರಟೇಬಿಟ್ಟಳು.

ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಹೆಂಗಸರು ಸೊಪ್ಪು ಕಟ್ಟುತ್ತಿದ್ದರು. ‘ಓಗ್ಬತ್ತೀನಿ ಕಣಕ್ಕ’ ಎಂದು ಅವಳು ಅವರ ನಡುವೆ ಕೂತಿದ್ದ ಮಹದೇವಮ್ಮನಿಗೆ ಹೇಳುತ್ತಿದ್ದಾಗಲೇ ಹಿಂದಿನಿಂದ ಬಂದ ನಂಜುಂಡೇಶ ಬ್ಯಾರನ್ನಿನ ಒಲೆಗೆ ತಂದಿಟ್ಟಿದ್ದ ಸೌದೆ ಎತ್ತಿ ಅವಳ ಹೆಗಲಿಗೆ ಬೀಸಿದ. ಮೂಳೆ ಮುರಿದ ಸದ್ದು ಚಪ್ಪರಕ್ಕೆಲ್ಲ ಕೇಳಿತು. ಆದರೂ ಯಾರೋ ಒಬ್ಬಳು ನಕ್ಕಳು: ‘ಬುಡ್ಲಾ, ಬಸ್ಸು ಬತ್ತದೆ, ಪ್ರಾಕ್ಟೀಸು ಸಾಕು.’

ಅವನು ಬಿಡಲಿಲ್ಲ. ಜುಟ್ಟು ಹಿಡಿದು ಅವಳನ್ನು ಉರಿಯುವ ಒಲೆಯ ಬಾಯಿಗೆ ಎಳೆದ. ‘ಈ ಮಕ ಇದ್ರೆ ತಾನೆ ಶೂಟಿಂಗು!’ ಹಣೆಯ ಕೂದಲು ಚುರುಚುರು ಸುಟ್ಟು ವಾಸನೆ ಎದ್ದಿತು. ಹೆಂಗಸರ ನಗು ಅಲ್ಲೇ ಸತ್ತಿತು.

ಅವಳು ಒದರಿದಳು: ‘ಕಟ್! ಕಟ್!’

ಬೇರೆ ಏನು ಕೂಗಿದ್ದರೂ ಅವರು ಬೆಚ್ಚಿ ನಿಂತುಬಿಡುತ್ತಿದ್ದರೇನೋ. ಈ ಮಾತಿಗೆ ಮಾತ್ರ ಕೈಗಳು ತಾವೇ ಎದ್ದವು. ಮಹದೇವಮ್ಮ ಸೊಪ್ಪಿನ ಕಡ್ಡಿಯಲ್ಲಿ ಅವನ ಮೊಣಕೈಗೆ ಬೀಸಿದಳು, ಜುಟ್ಟು ಬಿಟ್ಟ. ಇನ್ನೊಬ್ಬಳು ಕಾಲೆಳೆದು ಕೆಡವಿದಳು. ಎದೆಯ ಮೇಲೆ ಮಂಡಿಯೂರಿದರು, ಕಡ್ಡಿ ಮುರಿಯುವವರೆಗೂ ಬಡಿದರು, ಮೂಗಿನಿಂದ ರಕ್ತ ಹರಿಯುತ್ತಿದ್ದವನ ಕೈಕಾಲು ಸೇರಿಸಿ ಹುರಿ ಸುತ್ತಿದರು. ಹೊಗೆಸೊಪ್ಪಿನ ಅಂಟು ಮೆತ್ತಿದ ಆ ಕೈಗಳು ಹಾಕಿದ ಗಂಟು ಜಾರುವುದುಂಟೆ? ಚಪ್ಪರದ ಕಂಬಕ್ಕೆ ಅವನನ್ನು ಬಿಗಿದ ಮೇಲೆಯೇ ಉಸಿರು ಬಿಟ್ಟರು.

ಹುಣಸೂರಿನಿಂದ ಪೊಲೀಸರು ಬಂದಾಗ ಆ ಗಂಟು ಬಿಚ್ಚಲಾಗದೆ ಕುಡುಗೋಲು ಕೇಳಿದರು.

‘ಇವನನ್ನ ಹೀಗೆ ಕಟ್ಟೋಕೆ ಹೇಳಿದ್ಯಾರು?’ ಎಂದು ಪೊಲೀಸಪ್ಪ ಗದರಿದ.

ಮಹದೇವಮ್ಮ ಬೃಂದಾಳ ಕಡೆ ಕೈ ತೋರಿಸಿದಳು. ‘ಅವ್ಳು ಕಟ್ ಅಂದ್ಲು ಸ್ವಾಮಿ. ಕಟ್ಟುದ್ವು.’

ಮುರಿದ ಹೆಗಲು ಹಿಡಿದು ನೆಲದ ಮೇಲೆ ಕೂತಿದ್ದ ಬೃಂದಾ ಅಳುತ್ತಲೇ ಹೇಳಿದಳು: ‘ನಾನು ನಿಲ್ಸಿ ಅಂದಿದ್ದು ಕಣಕ್ಕ.’

ಮಹದೇವಮ್ಮ ಅವಳ ಸುಟ್ಟ ಕೂದಲನ್ನು ಹಿಂದಕ್ಕೆ ಸವರಿದಳು. ‘ನಿಂತೋಯ್ತಲ್ಲವ್ವ.’