ಲಾಗ ಹಾಕುವ ಗೊಂಬೆ

ಅಂದು ಬೆಳಿಗ್ಗೆ ಶಹಾಪುರದ ನಮ್ಮ ಓಣಿಗೆ ನಲ್ಲಿ ನೀರು ಬೇಗ ಬಂದಿತ್ತು. ಕೊಡ, ಬಕೆಟ್ಟು, ಹಂಡೆ ಎಲ್ಲ ತುಂಬಿಸಿ, ಭೀಮರಾಯನಗುಡಿಯ ಕಚೇರಿಗೆ ಹೋಗುವ ಯಜಮಾನರ ಡಬ್ಬಿಗೆಂದು ರೊಟ್ಟಿ ಬಡಿಯುತ್ತಿದ್ದೆ. ಒಲೆಯ ಪಕ್ಕದಲ್ಲಿದ್ದ ಫೋನು ಸದ್ದು ಮಾಡಿತು. ಹಿಟ್ಟಿನ ಕೈ ಒರೆಸಿಕೊಂಡು ನೋಡಿದೆ. ಸುರಪುರದಿಂದ ಅಕ್ಕ ಕಳಿಸಿದ್ದಳು. ಒಂದು ಮಾತೂ ಇಲ್ಲ. ಲಾಗ ಹಾಕುವ ಒಂದು ಎಮೋಜಿ ಗೊಂಬೆ, ಅಷ್ಟೆ.

ಅಕ್ಕ ಎಂದರೆ ನನ್ನ ನೆಗೆಣ್ಣಿ, ಭಾವನವರ ಹೆಂಡತಿ. ನಮ್ಮ ಮನೆಗಳಲ್ಲಿ ಹೆಂಗಸರ ಫೋನನ್ನು ಯಾರು ಬೇಕಾದರೂ ತೆರೆದು ಓದುತ್ತಾರೆ. ಅದಕ್ಕೇ ನಮ್ಮಿಬ್ಬರಿಗೂ ಈ ಗೊಂಬೆ. ಅತ್ತೆಯವರ ಮೇಲೆ ಸಿಟ್ಟು ಬಂದರೂ ಅದೇ, ಹೊಸ ಸೀರೆ ತಂದರೂ ಅದೇ, ನೆಂಟರಿಗೆ ಬೇಯಿಸಿ ಹಾಕಿ ಸೊಂಟ ಬಿದ್ದುಹೋದರೂ ಅದೇ. ಕೈ ನೆಲಕ್ಕೂರಿ ಕಾಲು ಮೇಲೆತ್ತಿದ ಆ ಪುಟ್ಟ ಗೊಂಬೆ ಬಂದ ಕೂಡಲೇ ಇದು ನಗುವೋ ಸಿಟ್ಟೋ ಎಂದು ನನಗೆ ತಿಳಿಯುತ್ತಿತ್ತು. ಹೇಗೆ ಎಂದು ಯೋಚಿಸಿದವಳಲ್ಲ. ರೂಢಿ ಎಂದುಕೊಂಡಿದ್ದೆ. ಸಿಸ್ಟರುಗಳ ಕಾನ್ವೆಂಟಿನಲ್ಲಿ ಓದಿದವಳು ನಾನು. ಹಲ್ಲಿ ನುಡಿದರೆ ನೆಲ ತಟ್ಟುವ ಅತ್ತೆಯವರನ್ನು ಕಂಡು ಒಳಗೊಳಗೇ ನಗುತ್ತಿದ್ದೆ. ಶಕುನ, ಸೂಚನೆ ಇಂಥವನ್ನೆಲ್ಲ ನಂಬಿರಲಿಲ್ಲ.

ಅಂದು ಗೊಂಬೆ ನೋಡಿದಾಗ ಅಕ್ಕ ಅಳುತ್ತಿದ್ದಾಳೆ ಎನಿಸಿತು. ಎನಿಸಿತು ಎಂದರೆ ಕಡಿಮೆಯಾಯಿತು, ನನಗೆ ಗೊತ್ತಾಯಿತು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದರೂ ಬಿಟ್ಟು ಫೋನು ಮಾಡಿದೆ.

“ಅಕ್ಕಾ, ಯಾಕ ಅಳಾಕತ್ತಿ? ಅಪ್ಪಾರು... ಅದಾರಿಲ್ಲ?”

ಅವಳ ತಂದೆಯ ಮಾತು ನನ್ನ ಬಾಯಿಗೆ ಯಾಕೆ ಬಂತೋ. ಅವರಿಗೆ ಒಂದು ನೆಗಡಿಯೂ ಇರಲಿಲ್ಲ. ಮುಂಜಾನೆ ಹೊತ್ತು, ಬದುಕಿರುವವರ ಬಗ್ಗೆ ಇದ್ದಾರೋ ಇಲ್ಲವೋ ಎಂದು ಕೇಳಬಾರದೆಂದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು.

ಅಕ್ಕ ಪಕಪಕ ನಕ್ಕಳು. ಅವಳ ತವರೂ ಸುರಪುರವೇ. ಅಂದು ಅಪ್ಪನ ಮನೆಗೆ ಹೋಗಿದ್ದಳು. “ಏ ಹುಚ್ಚಿ, ಬಾಯಿಗಿ ಸಕ್ಕರಿ ಹಾಕ್ಕೊ! ಅಪ್ಪ ಇಲ್ಲೇ ಕುಂತು ಚುರಮುರಿ ಸುಸಲಾ ತಿನ್ನಾಕತ್ತಾನ. ಎರಡನೇ ಸಲ ಹಾಕಿಸ್ಕೊಂಡಾನ. ಖುಷಿಲೆ ಕಳಿಸಿದ್ರ ಅಳಾಕತ್ತಿ ಅಂತೀಯಲ್ಲ!”

ಸ್ಪೀಕರ್ ಹಾಕಿದ್ದಳೆಂದು ಕಾಣುತ್ತದೆ. ಹಿಂದಿನಿಂದ ಮುದುಕರ ದನಿ ಕೇಳಿತು: “ಸುಸಲಾ ಮುಗಿಸಿ ಹೋಗ್ತೀನಂತ ಹೇಳು ಆಕಿಗಿ. ಅಷ್ಟು ಅವಸರ ಮಾಡಬ್ಯಾಡ ಅನ್ನು!”

ಮನೆ ತುಂಬ ನಗು. ನಾನೂ ನಕ್ಕೆ. ಕಿವಿ ಬಿಸಿಯಾಗಿತ್ತು.

ಯಜಮಾನರನ್ನು ಕಳಿಸಿ, ಅಡುಗೆಮನೆ ಒರೆಸಿ ಮುಗಿಸುವಷ್ಟರಲ್ಲಿ ಭಾವನವರ ಫೋನು ಬಂತು. ಕೈ ತೊಳೆಯಲೆಂದು ಎದ್ದ ಅಕ್ಕನ ತಂದೆ ಬಚ್ಚಲ ಬಾಗಿಲಲ್ಲೇ ಕುಸಿದು ತೀರಿಕೊಂಡಿದ್ದರು.

ಅತ್ತೆಯವರನ್ನು ಕರೆದುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರು ನನ್ನ ಕಡೆ ತಿರುಗಲಿಲ್ಲ. ಸತ್ತವರ ಮನೆಯಲ್ಲಿ ಮುದುಕರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಗಡ್ಡದಲ್ಲಿ ಸುಸಲದ ಒಂದು ಕಾಳು ಸಿಕ್ಕಿಕೊಂಡಿತ್ತು. ಯಾರೂ ಅದನ್ನು ನೋಡಿರಲಿಲ್ಲ. ನಾನು ಒಳಗೆ ಕಾಲಿಟ್ಟ ಕೂಡಲೇ ಅಳುತ್ತಿದ್ದ ಹೆಂಗಸರಲ್ಲಿ ಒಬ್ಬ ಅಜ್ಜಿ ಅಳು ನಿಲ್ಲಿಸಿ ಕೇಳಿದಳು, “ಮುಂಜಾನಿ ಫೋನಿನ್ಯಾಗ ಕೇಳಿದಾಕಿ ಈಕೀನ ಏನು?”

“ಸುಮ್ಕಿರವ್ವ,” ಎಂದರು ಯಾರೋ. ಅಷ್ಟರಲ್ಲಿ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಅಕ್ಕನ ಪಕ್ಕ ಕುಳಿತು ಹೆಗಲ ಮೇಲೆ ಕೈ ಇಟ್ಟೆ. “ನನಗ ಹಂಗ ಅನಿಸ್ತು ಅಕ್ಕಾ, ಅದಕ್ಕ ಕೇಳಿದೆ,” ಎಂದು ಪಿಸುಗುಟ್ಟಿದೆ. ಅವಳು ನನ್ನ ಕೈ ತಳ್ಳಲಿಲ್ಲ. ಸೆರಗು ಸರಿಮಾಡಿಕೊಂಡಳು, ಕೈ ತಾನಾಗಿ ಜಾರಿತು. “ಅನಿಸಿದ್ದು ನಿನ್ನ ಹಂತೇಕ ಇಟ್ಕೋಬೇಕಿತ್ತು,” ಎಂದಳು, ನನ್ನ ಮುಖ ನೋಡದೆ.

ಇದಾಗಿ ವರ್ಷಗಳೇ ಕಳೆದವು. ಅಕ್ಕ ಈಗಲೂ ಸಂದೇಶ ಕಳಿಸುತ್ತಾಳೆ. “ಊಟ ಆತೇನು”, “ಹಬ್ಬಕ್ಕ ಬರ್ರಿ”, ಎಲ್ಲವೂ ಪೂರಾ ಅಕ್ಷರಗಳಲ್ಲಿ. ಗೊಂಬೆ ಮಾತ್ರ ಮತ್ತೆ ಬರಲಿಲ್ಲ. ಯಜಮಾನರು ಅದೆಲ್ಲ ಕಾಕತಾಳೀಯ ಎನ್ನುತ್ತಾರೆ. ನಾನೂ ಹಾಗೇ ಹೇಳಿಕೊಂಡು ನೋಡಿದ್ದೇನೆ. ಆದರೆ ಖುಷಿಯಿಂದ ಒತ್ತಿದ ಗೊಂಬೆಯಲ್ಲಿ, ಇನ್ನೂ ಯಾರೂ ಅಳದಿದ್ದ ಆ ಅಳು ನನಗೆ ಹೇಗೆ ಕಂಡಿತು? ಬರಲಿದ್ದುದನ್ನು ಕಂಡೆನೋ, ಕೇಳಿ ಕರೆತಂದೆನೋ, ಇವತ್ತಿಗೂ ತಿಳಿದಿಲ್ಲ. ಸುರಪುರದ ಬಸ್ಸು ಹತ್ತುವಾಗ ಈಗಲೂ ತಲೆ ತಗ್ಗುತ್ತದೆ.

ಆ ಸಂಜೆಯ ಒಂದು ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಮಣ್ಣು ಮುಗಿದ ಮೇಲೆ, ಅತ್ತೆಯವರು ಅಲ್ಲಿಯೇ ಉಳಿದರು. ನಾನೊಬ್ಬಳೇ ಶಹಾಪುರಕ್ಕೆ ಬಂದೆ. ಸ್ನಾನವಾಗದೆ ಏನನ್ನೂ ಮುಟ್ಟುವಂತಿಲ್ಲವೆಂದು ಹೊಸ್ತಿಲ ಹೊರಗೆ ನಿಂತಿದ್ದೆ. ಪಕ್ಕದ ಮನೆಯ ಶರಣಮ್ಮ ಕೊಡ ತುಂಬ ನೀರು ತಂದು ನನ್ನ ಕಾಲಿಗೆ ಸುರಿದರು. ಸುದ್ದಿ ನನಗಿಂತ ಮೊದಲೇ ಓಣಿಗೆ ಬಂದಿತ್ತು. ಖಾಲಿ ಕೊಡ ಕೆಳಗಿಟ್ಟು, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫೋನು ಹೊರತೆಗೆದು ಅವರು ಅಂದರು:

“ನಮ್ಮ ತಂಗೀನೂ ಮಧ್ಯಾಹ್ನ ಇಂಥದ ಒಂದು ಗೊಂಬಿ ಕಳಿಸ್ಯಾಳ್ರಿ. ಜಳಕ ಆದ ಮ್ಯಾಲ ಒಂದೀಟು ನೋಡ್ರಿ. ಖುಷೀದು ಇದ್ರ ಅಷ್ಟ ಹೇಳ್ರಿ ಮತ್ತ.”